ಮೂರ್ಸಲದಕ್ಕನ ಖಾಲಿ ಮೆಷಿನ್ನು

“ಮಗಳ ಮದುವೆ ಬಟ್ಟೆ ಅವಳಿಗೆ ಹೊಲಿಯೋಕೆ ಕೊಟ್ಟಿದೀಯಾ? ಹಾಗಾದ್ರೆ ಮೊಮ್ಮಗುವಿನ ಕುಲಾವಿನೂ ಈಗಲೇ ಕೊಟ್ಟುಬಿಡು. ಅದು ಶಾಲೆಗೆ ಹೋಗೋ ಹೊತ್ತಿಗೆ ಕೈಗೆ ಸಿಕ್ಕೀತು.”

ನಮ್ಮ ಬೀದಿಯ ಬಾಯಲ್ಲಿ ಇದು ಸದಾ ಸಿದ್ಧವಾಗಿದ್ದ ಮಾತು. ಇನ್ನೂ ಇದ್ದವು. ಅವಳು ಹೊಲಿದದ್ದು ಒಂದೇ ಸಲಕ್ಕೆ ಮೈಗೆ ಕೂತ ದಿನ ಕಾಗೆ ಬೆಳ್ಳಗಾಗುತ್ತೆ ಅಂತ ಒಬ್ಬರು. ಅವಳ ಟೇಪಿನ ಮೇಲೆ ಅಂಕಿ ಬರೆದವನು ಅವತ್ತು ಕುಡಿದಿದ್ದ ಅಂತ ಇನ್ನೊಬ್ಬರು. ಮೊದಲನೇ ಸಲ ಅಳತೆ ಕೊಡಲಿಕ್ಕೆ, ಎರಡನೇ ಸಲ ಹೊಲಿದದ್ದನ್ನು ನೋಡಿ ಬೈಯಲಿಕ್ಕೆ, ಮೂರನೇ ಸಲ ತೊಟ್ಟು ಮನೆಗೆ ಒಯ್ಯಲಿಕ್ಕೆ. ಯಾರ ಮನೆ ಹೆಣ್ಣಾದರೂ ಮೂರು ಸಲ ಆ ಮೆಟ್ಟಿಲು ಹತ್ತಲೇಬೇಕು. ಹಾಗಾಗಿ ಹುಟ್ಟಿದಾಗ ಇಟ್ಟ ಹೆಸರು ಎಲ್ಲೋ ಉದುರಿಹೋಗಿ, ಊರಿಗೆಲ್ಲ ಅವಳು ಮೂರ್ಸಲದಕ್ಕ ಆದಳು.

ಅದೇ ಬಾಯಿ ಆ ಮನೆಯ ಬಗ್ಗೆ ಇನ್ನೊಂದು ಮಾತನ್ನೂ ಆಡುತ್ತಿತ್ತು. ಅದನ್ನು ಮಾತ್ರ ನಗದೆ ಆಡುತ್ತಿತ್ತು. “ಮನೆ ಅಂದ್ರೆ ಡಿಪೋದವರ ಮನೆ. ಮಾನ ಅಂದ್ರೆ ಅವರದು. ಆ ಮನೆ ಹೆಣ್ಣುಮಕ್ಕಳ ನೆರಳು ಕೂಡ ಅಪ್ಪಣೆ ಕೇಳಿ ಹೊಸಿಲು ದಾಟುತ್ತೆ.” ಎರಡು ಮಾತೂ ಒಂದೇ ಮನೆಯ ಒಂದೇ ಕಥೆ ಅಂತ ನಮಗೆ ತಿಳಿಯುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿತ್ತು.

ಡಿಪೋದವರು ಅಂದರೆ ಮೂರ್ಸಲದಕ್ಕನ ಅಣ್ಣ. ಬೀದಿಯ ಕೊನೆಯಲ್ಲಿ ಅವನ ಮರದ ಡಿಪೋ ಇತ್ತು. ದಿನವಿಡೀ ಗರಗಸದ ಹೊಟ್ಟು ಹೊದ್ದು ಮನೆಗೆ ಬರುವವನು; ಕೆಮ್ಮಿದರೆ ಬಾಗಿಲುಗಳು ತಾವೇ ಮುಚ್ಚಿಕೊಳ್ಳಬೇಕು, ಅಂಥ ಯಜಮಾನಿಕೆ. ತಂಗಿ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸ್ ಬಂದಾಗ, ಬೀದಿಗೆ ತೆರೆಯುವ ಮುಂದಿನ ಕೋಣೆಯನ್ನು ಅವಳ ಹೊಲಿಗೆಗೆ ಬಿಟ್ಟುಕೊಟ್ಟಿದ್ದ. “ನನ್ನ ಸೂರಿನ ಕೆಳಗೆ, ನನ್ನ ಕಣ್ಣಿನ ಕೆಳಗೆ” ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಆ ಕೋಣೆಯ ಹೊರಗೆ ಜಗಲಿಯ ಮೇಲೆ ಒಂದು ಬೆಂಚು. ಗಂಡಸರು ಅಲ್ಲಿಗೇ ನಿಲ್ಲಬೇಕು. ಒಳಗೆ ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರ್ಧಂಬರ್ಧ ಬಟ್ಟೆಗಳು, ಹೆಂಗಸರಿಗೆ ಒಂದು ಸ್ಟೂಲು. ಮೂಲೆಗೆ ಅಡ್ಡಲಾಗಿ ದಪ್ಪ ಪರದೆ. ಅದರ ಹಿಂದೆ ಕನ್ನಡಿ, ಕಾಲಲ್ಲಿ ತುಳಿಯುವ ಹಳೇ ಮೆಷಿನ್ನು, ಮತ್ತೆ ಹಿಂದಿನ ಓಣಿಗೆ ತೆರೆಯುವ ಒಂದು ಕುಳ್ಳ ಬಾಗಿಲು. ಬಗ್ಗಿಯೇ ದಾಟಬೇಕು. ಚಿಂದಿ ಆಯುವವರು ವಾರಕ್ಕೊಮ್ಮೆ ಬಂದು ಅಲ್ಲಿಂದ ಬಟ್ಟೆ ಚೂರಿನ ಮೂಟೆ ಒಯ್ಯುತ್ತಿದ್ದರು. ಮನೆಯವರ ಪಾಲಿಗೆ ಅದು ಬಾಗಿಲೇ ಅಲ್ಲ, ಕಸದ ಕಿಂಡಿ.

ಪರದೆಯ ಹಿಂದೆ ಬಟ್ಟೆ ತೊಡುವವಳು ಒಬ್ಬಳೇ ಹೋಗಬೇಕು. ಹೆತ್ತ ತಾಯಿಗೂ ಪ್ರವೇಶ ಇಲ್ಲ. ಹಳೇ ಬಟ್ಟೆ ತಂದು “ಇದೇ ಅಳತೆ” ಅಂದರೆ ಮುಟ್ಟುವುದಿಲ್ಲ. ಈ ಎರಡು ವಿಷಯದಲ್ಲಿ ಅಕ್ಕ ಕಲ್ಲು.

ಒಂದು ಸಲ ಮದುಮಗಳ ಸೋದರಮಾವ, ದಪ್ಪ ಮೀಸೆಯವನು, ಬೆಂಚಿನಿಂದೆದ್ದು ಕೂಗಾಡಿದ್ದು ಬೀದಿಗೆಲ್ಲ ಕೇಳಿತ್ತು.

“ಕಣ್ಣು ಕಾಣಲ್ವೇನಮ್ಮಾ ನಿಂಗೆ? ಎಡತೋಳು ಆನೆ ಸೊಂಡಿಲ ಹಾಗಿದೆ, ಬಲತೋಳಲ್ಲಿ ಇಲಿಮರಿ ತೂರಲ್ಲ!”

“ಹೌದಲ್ವಾ ಅಣ್ಣಾ! ಕೈಗೆ ಮಂಕು ಬಡೀತು ನೋಡಿ. ನಾಳಿದ್ದು ಹುಡುಗೀನ ಕರ್ಕೊಂಡು ಬನ್ನಿ.”

“ಮತ್ತೆ ಅವಳನ್ನ ಕರ್ಕೊಂಡು ಬರಬೇಕಾ? ಅಳತೆ ಬರೆದುಕೊಂಡಿದೀಯಲ್ಲ?”

“ಅಳತೆಗೆ ಮೈ ಬೇಕಲ್ಲ ಅಣ್ಣಾ. ನಿಮ್ಮ ಮೀಸೆ ಅಳೆದು ಹೊಲಿಯೋಕಾಗುತ್ತಾ?”

ನಾವೆಲ್ಲ ಕಿಟಕಿಯಲ್ಲೇ ನಕ್ಕೆವು. ಎದುರುಮನೆ ಮೇಷ್ಟ್ರ ಹೆಂಡತಿಯಂತೂ “ಕೆಲಸ ಬರದವಳಿಗೆ ಬಾಯಿ ದೊಡ್ಡದು” ಅಂತ ಮೂಗು ಮುರಿದಳು. ಆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು. ಯಾಕೆಂದರೆ ಮೂರನೇ ಸಲಕ್ಕೆ ಕೂತ ಬಟ್ಟೆ ಮೈಗೆ ಇನ್ನೊಂದು ಚರ್ಮ. ಅಂಥ ಕೈ ಸುತ್ತ ಎಲ್ಲೂ ಇರಲಿಲ್ಲ. ಅಂಥ ಕೈ ಎರಡು ಸಲ ಯಾಕೆ ತಪ್ಪುತ್ತೆ ಅಂತ ಒಬ್ಬರೂ ಕೇಳಲಿಲ್ಲ. ನಗುವುದು ಸುಲಭ, ಅದಕ್ಕೆ ತಲೆ ಬೇಕಿಲ್ಲ.

ಅವಳು ಒಂದೇ ಸಲಕ್ಕೆ ಸರಿಯಾಗಿ ಹೊಲಿದ ಬಟ್ಟೆ ಒಂದಿತ್ತು. ಅದರ ಕಥೆ ಮೂವತ್ತೆರಡು ವರ್ಷ ಹಿಂದಿನದು.

ಆಗ ಅವಳಿಗೆ ಇಪ್ಪತ್ತು, ಇನ್ನೂ ಮದುವೆಯಾಗಿರಲಿಲ್ಲ. ಹೊಸದಾಗಿ ಕಲಿತ ಕೆಲಸ, ಬೆರಳಲ್ಲಿ ಹೆಮ್ಮೆ. ಅವಳಿಗಿಂತ ಎರಡು ವರ್ಷ ಚಿಕ್ಕವಳು ತಂಗಿ. ಆ ತಂಗಿಯ ಪುಸ್ತಕದಲ್ಲಿ ಒಂದು ಕಾಗದ ಸಿಕ್ಕಿತು. ಬರೆದವನು ಮನೆಯವರ ಲೆಕ್ಕದಲ್ಲಿ ‘ನಮ್ಮವನು’ ಅಲ್ಲ. ಅವತ್ತೇ ತಂಗಿಯನ್ನು ಮಹಡಿ ಕೋಣೆಗೆ ಹಾಕಿ ಚಿಲಕ ಜಡಿದರು. ಬಾಗಿಲು ಕಾಯುವ ಕೆಲಸ ಅಣ್ಣನದು. ದೂರದ ಗಂಡು ಗೊತ್ತಾಯಿತು. ಅಪ್ಪ ಒಂದು ಹಳೇ ಅಂಗಿ ತಂದು ಅಕ್ಕನ ಮುಂದೆ ಎಸೆದು ಹೇಳಿದರು: “ಅವಳು ಕೆಳಗೆ ಬರಲ್ಲ. ಇದೇ ಅಳತೆ. ಹೊಲಿ.”

ಹೊಲಿದಳು. ಎರಡೇ ದಿನಕ್ಕೆ. ಮಹಡಿಗೆ ಹೋದ ಬಟ್ಟೆ ಒಂದು ಕೂದಲೆಳೆಯಷ್ಟೂ ತಪ್ಪದೆ ಕೂತಿತಂತೆ. ಜನ್ಮದಲ್ಲಿ ಮಕ್ಕಳನ್ನು ಹೊಗಳದ ಅಪ್ಪ ಕೆಳಗಿಳಿದು ಬಂದು “ಭೇಷ್” ಅಂದರು. ಅವಳು ಆ ಒಂದು ಮಾತನ್ನು ನಾಲ್ಕು ದಿನ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಓಡಾಡಿದಳು.

ಐದನೇ ದಿನ ತಂಗಿ ಮಹಡಿಯಿಂದ ಕಾಲು ಜಾರಿ ಬಿದ್ದಳು. ಮನೆಯವರು ಹಾಗಂದರು. ಬೀದಿ ಹೂಂಗುಟ್ಟಿತು.

ಹೆಣಕ್ಕೆ ಅದೇ ಬಟ್ಟೆ ತೊಡಿಸಲು ಹೇಳಿದಾಗ ಅಕ್ಕ ತೋಳು ಎತ್ತಿ ನೋಡಿದಳು. ಹೆಗಲ ಕೆಳಗೆ ನಾಲ್ಕು ಬೆರಳು ಒಂದು ಹೆಬ್ಬೆಟ್ಟಿನ ಗುರುತು, ಎರಡೂ ಕಡೆ. ನೀಲಿ ಹೋಗಿ ಹಳದಿಗೆ ತಿರುಗಿತ್ತು. ಅಂದರೆ ಬಿದ್ದ ದಿನದ್ದಲ್ಲ, ವಾರದ ಹಿಂದಿನದು. ಒಂದು ಸಲ, ಒಂದೇ ಒಂದು ಸಲ ಹುಡುಗಿಯನ್ನು ಕೆಳಗೆ ಕರೆಸಿ ತೋಳಿಗೆ ಟೇಪು ಸುತ್ತಿದ್ದರೆ ಕಾಣುತ್ತಿತ್ತು. ಬಟ್ಟೆ ಒಂದಿಷ್ಟು ಬಿಗಿಯಾಗಿದ್ದರೆ, ಒಂದಿಷ್ಟು ಸಡಿಲಾಗಿದ್ದರೆ, ಕರೆಸಲೇಬೇಕಿತ್ತು. ಅವಳ ಕೈ ತಪ್ಪಲಿಲ್ಲ. ಅದೇ ಅವಳು ಮಾಡಿದ ತಪ್ಪು.

ಅಲ್ಲಿಂದ ಮುಂದೆ ಅವಳ ಕೈ ಎರಡು ಸಲ ತಪ್ಪುತ್ತಲೇ ಬಂತು.

ಪರದೆಯ ಹಿಂದೆ ಆಗುತ್ತಿದ್ದದ್ದು ಇಷ್ಟೇ. ಹುಡುಗಿಯನ್ನು ಕನ್ನಡಿ ಮುಂದೆ ನಿಲ್ಲಿಸುವಳು. ತಾನು ಮೆಷಿನ್ನಿನ ಮುಂದೆ ಕೂತು ದಾರವಿಲ್ಲದೆ, ಬಟ್ಟೆಯಿಲ್ಲದೆ, ಖಾಲಿ ತುಳಿಯುವಳು. ಆ ಸದ್ದು ಬೆಂಚಿನವರೆಗೆ ಗೋಡೆ ಕಟ್ಟುತ್ತಿತ್ತು. ಆಗ ಮೆಲ್ಲಗೆ ಕೇಳುವಳು: “ಈ ಮದುವೆ ನಿನಗೆ ಬೇಕಾ ಮಗಳೇ?” ಚಿಂದಿ ಚೂರನ್ನಾದರೂ ಸೂಜಿಯ ಕೆಳಗೆ ಇಟ್ಟಿದ್ದರೆ ಸದ್ದು ಸಹಜವಾಗಿರುತ್ತಿತ್ತು, ಆದರೆ ಅದನ್ನು ತಳ್ಳಲು ಕೈ ಬೇಕು, ಕಣ್ಣೂ ಅಲ್ಲೇ ಇರಬೇಕು. ಅವಳಿಗೆ ಕಣ್ಣು ಹುಡುಗಿಯ ಮುಖದ ಮೇಲೆ ಬೇಕಿತ್ತು. ಹಾಗೆ ಖಾಲಿ ಓಡಿ ಓಡಿ ಮೆಷಿನ್ನಿನ ಬಟ್ಟೆ ಎಳೆಯುವ ಹಲ್ಲೆಲ್ಲ ಸವೆದಿತ್ತು.

ಹೆಚ್ಚಿನವರು ನಾಚಿ ನಗುತ್ತಿದ್ದರು. “ಬೇಕು ಅಕ್ಕಾ, ಬೇಗ ಹೊಲೀರಿ!” ಕೆಲವರು ಎರಡನೇ ಸಲ ಬಂದಾಗ ಅಳುತ್ತಿದ್ದರು. ಮೊದಲ ಸಲಕ್ಕೆ ಬಾಯಿ ಬಿಟ್ಟವರು ಇಲ್ಲವೇ ಇಲ್ಲ. ಹೆದರಿದವರ ಬಾಯಿ ಬಿಗಿಯಾದ ಹೊಲಿಗೆ, ಎಳೆದರೆ ಬಟ್ಟೆ ಹರಿಯುತ್ತೆ, ಒಂದೊಂದೇ ಎಳೆ ಬಿಚ್ಚಬೇಕು ಅಂತ ಅವಳಿಗೆ ಗೊತ್ತಿತ್ತು.

ಶುರುವಿನಲ್ಲಿ ಒಂದು ಎಡವಟ್ಟನ್ನೂ ಮಾಡಿಕೊಂಡಳು. ಒಬ್ಬ ಹುಡುಗಿ “ನನ್ನನ್ನ ಹೊಡೀತಾರೆ” ಅಂದಾಗ, ಹಿರಿಯರಿಗೆ ನಾಲ್ಕು ಬುದ್ಧಿಮಾತು ಹೇಳಿದರೆ ಸರಿಹೋದೀತು ಅಂತ ಆ ಹುಡುಗಿಯ ದೊಡ್ಡಪ್ಪನ ಹತ್ತಿರ ಹೋದಳು. ಆತ ಕುಡಿಯಲು ನೀರು ಕೊಟ್ಟ, ತಲೆ ತೂಗಿದ, ಕೈ ಮುಗಿದು ಕಳಿಸಿದ. ಮಾರನೇ ದಿನ ಹುಡುಗಿ ಊರಲ್ಲಿರಲಿಲ್ಲ. ಆ ಬಟ್ಟೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಗೋಡೆಯ ಮೊಳೆಗೆ ವರ್ಷಗಟ್ಟಲೆ ಹಾಗೇ ನೇತಾಡಿತು.

ಪಕ್ಕದ ಊರಿನ ಆಸರೆಮನೆಯ ದಾದಿ ಅವಳಿಗೆ ಸಿಕ್ಕಿದ್ದು ಆಮೇಲೆ. ನಿವೃತ್ತಳಾದ ನರ್ಸು, ಮನೆಯಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ಜಾಗ ಕೊಟ್ಟವಳು. ಅಲ್ಲಿನ ಚಾದರಗಳ ಅಂಚು ಹೊಲಿಸಲು ಬರುತ್ತಿದ್ದಳು. ಅಕ್ಕನ ಕಥೆ ಕೇಳಿ ದಾದಿ ಬೈದೇಬಿಟ್ಟಳು. “ಕಟುಕನ ಹತ್ತಿರ ಹೋಗಿ ಕುರಿಗೆ ಬೇಜಾರಾಗಿದೆ ಅಂದ ಹಾಗಾಯ್ತು! ಮನೆಯವರಿಗೆ ಸುಳಿವು ಕೊಡಬೇಡ. ಹುಡುಗಿ ಕೈಗೆ ಚೀಟಿ ಗೀಟಿ ಕೊಡಬೇಡ, ಸಿಕ್ಕಿಬೀಳ್ತಾಳೆ. ಅವಳ ಪರವಾಗಿ ನೀನು ತೀರ್ಮಾನ ಮಾಡಬೇಡ, ಅದನ್ನೇ ಅಲ್ವಾ ಅವಳ ಮನೆಯವರು ಮಾಡ್ತಿರೋದು? ಕೇಳು, ನಂಬು, ನನಗೆ ಹೇಳು. ಓದಿದ ಸರ್ಟಿಫಿಕೇಟು, ಹುಟ್ಟಿದ ದಾಖಲೆ ಜೊತೆಗಿದ್ರೆ ಅರ್ಧ ಬದುಕು ಜೊತೆಗಿದ್ದ ಹಾಗೆ.”

ಇಪ್ಪತ್ತಾರು ವರ್ಷದಲ್ಲಿ ಒಂಬತ್ತು ಹುಡುಗಿಯರು ಆ ಕುಳ್ಳ ಬಾಗಿಲಲ್ಲಿ ಬಗ್ಗಿ ದಾಟಿದರು. ಅವರ ಮನೆಯವರು ಮಾನಕ್ಕೆ ಅಂಜಿ, ಹುಡುಗಿ ದೂರದ ನೆಂಟರ ಮನೆಯಲ್ಲಿದ್ದಾಳೆ ಅಂತ ಮುಚ್ಚಿಹಾಕಿದರು. ನಾವು ಮೆಷಿನ್ನಿನ ಸದ್ದು ಕೇಳುತ್ತ ತರಕಾರಿ ಹೆಚ್ಚಿಕೊಂಡಿದ್ದೆವು.

ಹತ್ತನೆಯವಳು ಅವಳ ಅಣ್ಣನ ಮಗಳು.

ಹುಡುಗಿಗೆ ಹತ್ತೊಂಬತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಕಲಿಯುತ್ತಿದ್ದಳು. ಅಣ್ಣ ಒಪ್ಪಿದ್ದು ಅಂಗಡಿ ಡಿಪೋದ ಎದುರಿಗೇ ಇದ್ದದ್ದರಿಂದ. ಒಂದು ಮಧ್ಯಾಹ್ನ ಅವಳು ಬಸ್‌ಸ್ಟಾಪಿನ ಬೆಂಚಿನಲ್ಲಿ ಅಂಗಡಿಯ ಹುಡುಗನೊಬ್ಬನ ಜೊತೆ ಒಂದೇ ಡಬ್ಬಿಯಿಂದ ಊಟ ಮಾಡಿದ್ದನ್ನು ಮೇಷ್ಟ್ರ ಹೆಂಡತಿ ನೋಡಿದಳು. ನೋಡಿದವಳು ಮನೆಗೆ ಹೋಗಿ ನೀರೂ ಕುಡಿಯದೆ ನೇರ ಡಿಪೋಗೆ ಹೋದಳು. “ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಬೆಂಕಿ ಇಲ್ಲದೆ ಹೊಗೆ ಆಡಲ್ಲ. ಹೆಣ್ಣು ಹೆತ್ತವರು ಹುಷಾರಾಗಿರಬೇಕು.”

ಹುಷಾರಾದರು. ಹುಡುಗಿಯ ಫೋನು ಗರಗಸಕ್ಕೆ ಹೋಯಿತು. ಹುಡುಗಿ ಮಹಡಿಗೆ ಹೋದಳು. ಹನ್ನೊಂದು ದಿನಕ್ಕೆ ಮದುವೆ ಗೊತ್ತಾಯಿತು. ಗಂಡು ದೂರದ ಊರಿನವನು, ಮೊದಲ ಹೆಂಡತಿ ಸತ್ತವನು. ಅಣ್ಣ ಒಂದು ಹಳೇ ಅಂಗಿಯನ್ನು ಮೇಜಿನ ಮೇಲೆ ಎಸೆದ.

“ಅವಳು ಕೆಳಗೆ ಬರಲ್ಲ. ಇದೇ ಅಳತೆ. ಹೊಲಿ.”

ಅಪ್ಪ ಆಡಿದ್ದ ಅದೇ ಮಾತು, ಅದೇ ದನಿಯಲ್ಲಿ. ಬಟ್ಟೆ ಹರಿಯುತ್ತೆ, ಇಂಥ ಮಾತು ಹರಿಯುವುದಿಲ್ಲ. ತಂದೆಯಿಂದ ಮಗನಿಗೆ ಬಂದುಬಿಡುತ್ತೆ.

“ಹೆಣ್ಣು ಬೆಳೆಯುತ್ತೆ ಅಣ್ಣಾ, ಬಟ್ಟೆ ಬೆಳೆಯಲ್ಲ. ಅವಳನ್ನೇ ಕಳಿಸು.”

“ನಿನ್ನ ನಾಟಕ ಬೇರೆಯವರ ಮನೆ ಹೆಣ್ಣುಗಳಿಗೆ ಇಟ್ಕೋ. ನನ್ನ ಅನ್ನ ತಿಂದು ನನಗೇ ಎದುರು ಮಾತಾಡಬೇಡ.”

“ಎದುರಲ್ಲಪ್ಪಾ. ಸರಿ ಬರದಿದ್ರೆ ನನ್ನನ್ನ ಬೈಬೇಡ ಅಂದೆ ಅಷ್ಟೇ.”

ಅವಳು ಹೊಲಿದಳು. ಬೇಕಂತಲೇ ಹಾಳುಮಾಡುವುದೂ ಒಂದು ವಿದ್ಯೆ, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಹಡಿಯಲ್ಲಿ ಬಟ್ಟೆ ತೊಟ್ಟ ಹುಡುಗಿ ಮೂಟೆ ಕಟ್ಟಿದ ಹಾಸಿಗೆಯ ಹಾಗೆ ಕಂಡಳು. ಶುಕ್ರವಾರ ಗಂಡಿನ ಕಡೆಯವರು ಹುಡುಗಿಯನ್ನು ಇದೇ ಬಟ್ಟೆಯಲ್ಲಿ ನೋಡಲು ಬರುವವರಿದ್ದರು. “ಡಿಪೋದವರ ಮಗಳಿಗೆ ಗೋಣಿಚೀಲ” ಅಂತ ಅವರು ಅಂದರೆ ಏನು ಗತಿ? ಅಣ್ಣನಿಗೆ ಮಗಳ ಉಸಿರಿಗಿಂತ ಈ ಮಾತು ಭಾರ. ಹಲ್ಲು ಕಚ್ಚಿ ಬುಧವಾರ ಹುಡುಗಿಯನ್ನು ಕೆಳಗಿಳಿಸಿದ. ತಾನು ಬೆಂಚಿನ ಮೇಲೆ, ಅತ್ತಿಗೆ ಒಳಗೆ ಪರದೆಗೆ ಒತ್ತಿದ ಸ್ಟೂಲಿನ ಮೇಲೆ.

ಮೆಷಿನ್ನು ಶುರುವಾಯಿತು.

“ತೋಳು ಎತ್ತು” ಅಂದಳು ಅಕ್ಕ.

ನಾಲ್ಕು ಬೆರಳು, ಒಂದು ಹೆಬ್ಬೆಟ್ಟು. ಅವಳ ಕಾಲು ತಾನಾಗಿ ನಿಂತಿತು. ಸದ್ದೂ ನಿಂತಿತು.

“ಏನಾಯ್ತು?” ಅಂದಳು ಪರದೆಯ ಆಚೆಯಿಂದ ಅತ್ತಿಗೆ.

“ದಾರ ಕಿತ್ತೋಯ್ತು ಅತ್ತಿಗೆ.” ಕಾಲು ಮತ್ತೆ ಆಡಿತು. “ಮಗಳೇ, ಈ ಮದುವೆ ನಿನಗೆ ಬೇಕಾ?”

ಹುಡುಗಿ ಅಳಲಿಲ್ಲ. “ಬೇಡ ಅಂದಿದ್ದಕ್ಕೆ ಅಪ್ಪ ಕಿಟಕಿ ತೋರಿಸಿದ್ರು ಅತ್ತೆ. ಚಿಕ್ಕತ್ತೆ ಹೋದ ದಾರಿ ಇನ್ನೂ ತೆರೆದಿದೆ ಅಂದ್ರು.”

ಮೂವತ್ತೆರಡು ವರ್ಷ ಕಾಲು ಜಾರಿತು ಅಂತ ಹೇಳಿಕೊಂಡು ಬಂದ ಮನೆ, ಆ ಒಂದು ಮಾತಿನಲ್ಲಿ ನಿಜ ಒಪ್ಪಿಕೊಂಡಿತ್ತು.

ಅಕ್ಕ ಕುಳ್ಳ ಬಾಗಿಲು ತೋರಿಸಿದಳು, ದಾದಿಯ ಬಗ್ಗೆ ಹೇಳಿದಳು. “ನಾಳೆ ನಾಲ್ಕು ಗಂಟೆಗೆ ಮೂರನೇ ಸಲ. ಹೋಗೋದು ಬಿಡೋದು ನಿನ್ನ ತೀರ್ಮಾನ. ಬೇಡ ಅಂದ್ರೆ ಬಟ್ಟೆ ಸರಿಮಾಡಿ ಕೊಡ್ತೀನಿ, ನಿನ್ನ ಮೇಲೆ ಸಿಟ್ಟಿಲ್ಲ.”

“ಹೋಗ್ತೀನಿ. ಸರ್ಟಿಫಿಕೇಟು ಅಮ್ಮನ ಬೀರುವಲ್ಲಿದೆ.”

“ಅದು ಹೋಗಲಿ. ನೀನು ಬಾ.”

ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಮೆಷಿನ್ನಿನಲ್ಲಿ ಹೊಲಿಗೆ ಕಲಿತಿದ್ದವಳು ಅವಳು.

“ದಾರವೇ ಇಲ್ಲದ ಮೆಷಿನ್ನಲ್ಲಿ ದಾರ ಹೇಗೆ ಕಿತ್ತೋಗುತ್ತೆ? ಖಾಲಿ ಮೆಷಿನ್ನು ಹೇಗೆ ಬಡ್ಕೊಳುತ್ತೆ ಅಂತ ನನಗೆ ಗೊತ್ತಿಲ್ವಾ? ಎಷ್ಟು ವರ್ಷದಿಂದ ಕೇಳ್ತಿದೀನಿ. ಊರ ಹೆಣ್ಣುಗಳದ್ದು ನಿನ್ನ ಪಾಪ ಅಂತ ಸುಮ್ಮನಿದ್ದೆ. ನನ್ನ ಮಗಳ ಮೇಲೆ ಕತ್ತರಿ ಆಡಿಸಬೇಡ!”

“ಅವಳ ತೋಳು ನೋಡಿದ್ಯಾ ಅತ್ತಿಗೆ?”

“ನೋಡದೆ ಏನು? ಎಣ್ಣೆ ಹಚ್ಚಿದವಳೇ ನಾನು.”

“ನನ್ನ ತಂಗಿಗೂ ನಮ್ಮಮ್ಮ ಹಚ್ಚಿದ್ದಳು.”

ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಅಪ್ಪಳಿಸಿದಳು. “ನಿನ್ನ ನಾಲಿಗೆ ಸೇದಿಹೋಗ! ಗಂಡನ್ನ ತಿಂದು ಬಂದವಳು, ಈಗ ನನ್ನ ಮನೆ ತಿನ್ನೋಕೆ ನಿಂತಿದೀಯ.” ಸದ್ದಿಗೆ ಅಣ್ಣ ಹೊರಗಿನಿಂದ “ಏನದು?” ಅಂದ. ಅತ್ತಿಗೆ ಅಕ್ಕನ ಮುಖವನ್ನೇ ನೋಡುತ್ತ, “ಕೈ ಜಾರಿತು” ಅಂದಳು. ಆ ಮಾತು ಯಾರ ಕಡೆಯದು ಅಂತ ಅಕ್ಕನಿಗೆ ತಿಳಿಯಲಿಲ್ಲ. ದಾದಿಗೆ ಫೋನು ಮಾಡಿ, ಚಾದರ ತಯಾರಾಗಿದೆ, ನಾಳೆ ನಾಲ್ಕಕ್ಕೆ ಹಿಂದಿನ ಬಾಗಿಲಿಗೆ ಬನ್ನಿ ಅಂದಳು. ಉಳಿದದ್ದೆಲ್ಲ ಹುಡುಗಿ ಕೆಳಗೆ ಬರುತ್ತಾಳಾ ಇಲ್ಲವಾ ಅನ್ನುವುದರ ಮೇಲೆ ನಿಂತಿತ್ತು.

ಬಂದಳು. ಮುಂದೆ ಅಪ್ಪ, ಹಿಂದೆ ಅಮ್ಮ. ಅಣ್ಣ ಬೆಂಚಿನ ಮೇಲೆ, ಅತ್ತಿಗೆ ಸ್ಟೂಲಿನ ಮೇಲೆ. ಮೆಷಿನ್ನು ಖಾಲಿ ಓಡತೊಡಗಿತು. ಕುಳ್ಳ ಬಾಗಿಲು ತೆರೆಯಿತು. ಹುಡುಗಿ ಅತ್ತೆಯ ಬೆನ್ನಿಗೆ ಒಂದು ಕ್ಷಣ ಹಣೆಯಿಟ್ಟು, ಬಗ್ಗಿ ದಾಟಿದಳು. ಓಣಿಯಲ್ಲಿ ದಾದಿಯ ವ್ಯಾನಿನ ಬಾಗಿಲು ಮುಚ್ಚಿದ್ದು ಅಕ್ಕನಿಗೊಬ್ಬಳಿಗೇ ಕೇಳಿತು. ತಾನೂ ಬಗ್ಗಿ ದಾಟಬಹುದಿತ್ತು. ಆದರೆ ಮೆಷಿನ್ನು ನಿಂತರೆ ಅಣ್ಣ ಏಳುತ್ತಾನೆ, ವ್ಯಾನು ಇನ್ನೂ ದೊಡ್ಡ ರಸ್ತೆ ಮುಟ್ಟಿರುವುದಿಲ್ಲ. ಯಾರಾದರೂ ಒಬ್ಬರು ತುಳಿಯುತ್ತಿರಲೇಬೇಕು.

ತುಳಿದಳು. ಹತ್ತು ನಿಮಿಷ, ಹದಿನೈದು ನಿಮಿಷ.

“ಇನ್ನೂ ಆಗ್ಲಿಲ್ವಾ?” ಅಂದ ಅಣ್ಣ.

ಪರದೆಯ ಆಚೆ ಸ್ಟೂಲು ಕಿರುಗುಟ್ಟಿತು. ಅಕ್ಕ ಕಣ್ಣು ಮುಚ್ಚಿದಳು.

“ತೋಳು ಸರಿ ಬಂದಿಲ್ಲ,” ಅಂದಳು ಅತ್ತಿಗೆ. “ಬಿಚ್ಚಿ ಹೊಲೀತಿದಾಳೆ. ಕೂತ್ಕೊಳ್ಳಿ.”

ಇನ್ನೂ ಹತ್ತು ನಿಮಿಷ ಕಳೆದ ಮೇಲೆ ಅತ್ತಿಗೆ ತಾನೇ ಪರದೆ ಸರಿಸಿದಳು. ಕನ್ನಡಿ ಖಾಲಿ. ಅತ್ತಿಗೆ ಅಕ್ಕನ ಕೆನ್ನೆಗೆ ಬಾರಿಸಿದ ಏಟು ಎದುರುಮನೆಯವರೆಗೆ ಕೇಳಿತು. “ನನ್ನ ಮಗಳನ್ನ ಕಿತ್ಕೊಂಡ್ಯಲ್ಲೇ ಪಾಪಿ!” ಆ ಏಟಿನಲ್ಲಿ ನಾಟಕ ಎಷ್ಟು, ನಿಜ ಎಷ್ಟು ಅಂತ ನಾನು ಹೇಳಲಾರೆ. ಹೆತ್ತ ಹೊಟ್ಟೆ. ಅಕ್ಕನ ಒಂದು ಕಿವಿ ಅವತ್ತಿನಿಂದ ಮಂದವಾಯಿತು.

ಆಮೇಲೆ ಬೀದಿಯೆಲ್ಲ ಆ ಮನೆ ಮುಂದೆ ಸೇರಿತು. ಅಣ್ಣ ಮೆಷಿನ್ನನ್ನು ಎತ್ತಿ ಮೆಟ್ಟಿಲ ಮೇಲಿಂದ ಉರುಳಿಸಿದ. ಅವಳನ್ನೂ ಹಾಗೇ ಉರುಳಿಸುತ್ತಿದ್ದನೋ ಏನೋ, ಅಷ್ಟರಲ್ಲಿ ಪೊಲೀಸರ ಜೀಪು ಬಂತು. ಪಕ್ಕದ ಊರಿನ ಠಾಣೆಯಲ್ಲಿ ಹುಡುಗಿ ದಾದಿಯ ಪಕ್ಕ ನಿಂತು ಬರೆದುಕೊಟ್ಟಿದ್ದಳು: ನನಗೆ ಹತ್ತೊಂಬತ್ತು, ನನ್ನ ಇಷ್ಟದಿಂದ ಬಂದಿದ್ದೇನೆ, ಮನೆಗೆ ಕಳಿಸಿದರೆ ಉಳಿಯುವುದಿಲ್ಲ, ಅಲ್ಲಿ ನಮ್ಮತ್ತೆಯೂ ಉಳಿಯುವುದು ಕಷ್ಟ. ಬಂದ ಅಧಿಕಾರಿ ಹೆಂಗಸು ಅಣ್ಣನಿಗೆ, “ಇವರ ಮೈ ಮೇಲೆ ಒಂದು ಗೀರು ಬಿದ್ರೂ ನಿಮ್ಮನ್ನೇ ಹುಡುಕ್ಕೊಂಡು ಬರ್ತೀನಿ” ಅಂದಳು. ಅಕ್ಕನನ್ನು ನೋಡಿ, “ಸಾಮಾನು ತಗೊಳ್ಳಿ, ಜೀಪಲ್ಲಿ ಕೂತ್ಕೊಳ್ಳಿ” ಅಂದಳು.

ಸಾಮಾನೇನು? ಕತ್ತರಿ, ಟೇಪು, ಎರಡು ಜೊತೆ ಬಟ್ಟೆ. ಮೊಳೆಯಲ್ಲಿ ನೇತಾಡುತ್ತಿದ್ದ, ಯಾರೂ ಕೇಳಿಕೊಂಡು ಬಾರದ ಆ ಹಳೇ ಮದುವೆ ಬಟ್ಟೆಯನ್ನೂ ಮಡಚಿ ಇಟ್ಟುಕೊಂಡಳು.

ಜೀಪಿನವರೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಗೂ ಒಂದೊಂದು ಮಾತು ಬಿತ್ತು. “ಉಂಡ ಮನೆಗೆ ಎರಡು ಬಗೆದವಳು.” “ಹಾದರಕ್ಕೆ ಹೊಲಿಗೆ ಹಾಕೋಳು.” ಒಬ್ಬ ಉಗುಳಿದ. ಮೇಷ್ಟ್ರ ಹೆಂಡತಿ ಬಾಗಿಲಿಗೆ ಒರಗಿ, “ಎಲ್ಲಿಗೆ ಹೋಗ್ತೀಯೇ ಮೂರ್ಸಲದಕ್ಕ, ಇನ್ನೂ ಎರಡು ಸಲ ಬರಬೇಕಲ್ಲ?” ಅಂದಳು. ಜನ ನಕ್ಕರು. ನಕ್ಕವರಲ್ಲಿ ನಮ್ಮ ಮನೆಯವರೂ ಇದ್ದರು. 

ಅವಳು ಜೀಪಿನ ಮೆಟ್ಟಿಲಿಗೆ ಕಾಲಿಟ್ಟಾಗ ಅತ್ತಿಗೆ ಬಿಚ್ಚಿದ ತಲೆಯಲ್ಲೇ ಓಡಿ ಬಂದಳು. ಕೈಯಲ್ಲಿ ಚಿಂದಿ ಬಟ್ಟೆಯ ಗಂಟು. ಜನ ಸರಿದು ದಾರಿ ಬಿಟ್ಟರು, ಇನ್ನೊಂದು ಏಟು ನೋಡುವ ಆಸೆಯಿಂದ.

“ನಿನ್ನ ಕಸ ನನ್ನ ಮನೇಲಿ ಯಾಕೆ? ತಗೊಂಡು ಸಾಯಿ!” ಅಂತ ಗಂಟನ್ನು ಎದೆಗೆ ಎಸೆದಳು.

ಅಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಟ್ಟೆ ಮುಟ್ಟಿ ಬದುಕಿದ ಬೆರಳು. ಚಿಂದಿಯ ಮೆದುವಿನ ಒಳಗೆ ಗಟ್ಟಿ ಕಾಗದದ ಮೂಲೆ, ರಟ್ಟಿನ ಅಂಚು ಅದಕ್ಕೆ ಸಿಕ್ಕಿತು. ಬೀರುವಿನ ವಾಸನೆಯೂ ಬಂತು. ಅವಳು ಅತ್ತಿಗೆಯ ಮುಖ ನೋಡಲಿಲ್ಲ, ನೋಡಿದರೆ ಅಣ್ಣನೂ ನೋಡುತ್ತಾನೆ. ತಲೆ ತಗ್ಗಿಸಿ, ಬೈಗುಳ ತಿಂದವಳ ಹಾಗೆ ಗಂಟನ್ನು ಅವುಚಿಕೊಂಡು, ಜೀಪು ಹತ್ತಿ ಕೂತಳು.